ಗ್ರಾಹಕ ಕಳಿಸಿದ್ದಕ್ಕೆ ಇಂಟರ್ನೆಟ್ ಕಂಪನಿ ಹೊಣೆಯೇ? ಪರ – ವಿರೋಧ

ಪ್ರಶ್ನೆ: ಗ್ರಾಹಕನೊಬ್ಬ ಇಂಟರ್ನೆಟ್ ಕಂಪನಿಯ ಜಾಲದ ಮೂಲಕ ಕಾನೂನುಬಾಹಿರ ವಿಷಯ ರವಾನಿಸುತ್ತಾನೆ. ಕಂಪನಿಗೆ ದೂರು ಬರುತ್ತದೆ, ಆದರೂ ಅದು ಏನೂ ಮಾಡುವುದಿಲ್ಲ. ಆಗ ಆ ಕಂಪನಿಯನ್ನೂ ಕಾನೂನು ಹಿಡಿದು ನಿಲ್ಲಿಸಬೇಕೆ?

ಪರ: ಗೊತ್ತಾದ ಮೇಲೂ ಸುಮ್ಮನಿದ್ದವರು ಹೊಣೆ ಹೊರಲೇಬೇಕು

1995ರ ಏಪ್ರಿಲ್ 19ರಂದು ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ ಬಾಂಬ್ ಸಿಡಿದು 168 ಜನ ಸತ್ತರು. ಆರೇ ದಿನಕ್ಕೆ ಎಒಎಲ್ ಎಂಬ ಇಂಟರ್ನೆಟ್ ಕಂಪನಿಯ ಸಂದೇಶ ಫಲಕದಲ್ಲಿ ಒಂದು ಜಾಹೀರಾತು ಬಂತು. ಆ ದುರಂತವನ್ನು ಗೇಲಿ ಮಾಡುವ ಟೀ ಶರ್ಟ್ ಮಾರಾಟಕ್ಕಿದೆ, ಬೇಕಾದವರು ಈ ನಂಬರಿಗೆ ಫೋನ್ ಮಾಡಿ ಎಂದು ಅದರಲ್ಲಿತ್ತು. ನಂಬರು ಸಿಯಾಟಲ್‌ನಲ್ಲಿ ಮನೆಯಿಂದಲೇ ವ್ಯವಹಾರ ನಡೆಸುತ್ತಿದ್ದ ಒಬ್ಬರದು. ಜಾಹೀರಾತಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಬೆದರಿಕೆ ಕರೆಗಳು ಶುರುವಾದ ದಿನವೇ ಅವರು ಕಂಪನಿಗೆ ತಿಳಿಸಿದರು. ತೆಗೆಯುತ್ತೇವೆ ಎಂಬ ಉತ್ತರ ಬಂತು, ಆದರೆ ಇದು ಸುಳ್ಳು ಎಂದು ಪ್ರಕಟಣೆ ಹಾಕುವುದು ನಮ್ಮ ಪದ್ಧತಿಯಲ್ಲ ಎಂದೂ ಹೇಳಿದರು. ಮರುದಿನ ಅದೇ ನಂಬರಿನ ಇನ್ನೊಂದು ಜಾಹೀರಾತು ಬಂತು, ಅದರ ಹಿಂದೆ ಮತ್ತಷ್ಟು ಬಂದವು. ತಿಂಗಳ ಕೊನೆಗೆ ಸುಮಾರು ಎರಡು ನಿಮಿಷಕ್ಕೊಂದು ಬೈಗುಳದ ಕರೆ. ವ್ಯವಹಾರದ ನಂಬರಾದ್ದರಿಂದ ಬದಲಿಸುವಂತೆಯೂ ಇರಲಿಲ್ಲ. ಅವರು ದಾವೆ ಹೂಡಿದರು. 1997ರಲ್ಲಿ ಮೇಲ್ಮನವಿ ನ್ಯಾಯಾಲಯ, ಬಳಕೆದಾರರು ಬರೆದದ್ದಕ್ಕೆ ಇಂಟರ್ನೆಟ್ ಕಂಪನಿಯನ್ನು ಹೊಣೆಯಾಗಿಸದ, ಹಿಂದಿನ ವರ್ಷವಷ್ಟೇ ಬಂದಿದ್ದ ಸೆಕ್ಷನ್ 230 ಎಂಬ ಕಾನೂನನ್ನು ಮುಂದಿಟ್ಟು, ದೂರು ಮುಟ್ಟಿದ ಮೇಲೂ ಕಂಪನಿ ಹೊಣೆಯಲ್ಲ ಎಂದು ತೀರ್ಪು ಕೊಟ್ಟಿತು.

ನನ್ನ ವಾದವೆಲ್ಲ ಆ ಕೊನೆಯ ಮಾತಿನ ವಿರುದ್ಧ. ಜಾಲದಲ್ಲಿ ಹರಿಯುವ ಪ್ರತಿಯೊಂದು ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕನ್ನು, ಬಿಚ್ಚಿ ನೋಡಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಕೇಳುವ ಕಾನೂನು ಬಂದರೆ ನಾನೂ ವಿರೋಧಿಸುತ್ತೇನೆ. ಕೇಳುವುದು ಇಷ್ಟೇ: ನಿರ್ದಿಷ್ಟವಾದ, ಸಹಿ ಮಾಡಿದ, ಪುರಾವೆ ಇರುವ ದೂರು ಕೈಸೇರಿದೆ, ತಪ್ಪು ಮಾಡುತ್ತಿರುವ ಸಂಪರ್ಕ ಯಾವುದೆಂದು ಕಂಪನಿಯೊಬ್ಬರಿಗೇ ಗೊತ್ತು, ಅದನ್ನು ನಿಲ್ಲಿಸುವ ಸ್ವಿಚ್ಚೂ ಅವರ ಕೈಯಲ್ಲೇ ಇದೆ. ಇಷ್ಟಿದ್ದೂ ಕೈಕಟ್ಟಿ ಕೂತರೆ, ಆ ಕ್ಷಣದಿಂದ ಮುಂದೆ ಆದ ಹಾನಿಯಲ್ಲಿ ಅವರಿಗೂ ಪಾಲಿದೆ.

ಕಂಪನಿಗಳು ಯಾವಾಗಲೂ ಅಂಚೆಯ ಹೋಲಿಕೆ ತರುತ್ತವೆ. ಲಕೋಟೆಯೊಳಗೆ ಏನಿದೆಯೋ ಅಂಚೆಯವನಿಗೆ ಗೊತ್ತಿಲ್ಲ, ಹಾಗೇ ನಮಗೂ ಎನ್ನುತ್ತವೆ. ದಿನವೂ ಅದೇ ಮನೆಯಿಂದ ಅದೇ ವಿಳಾಸಕ್ಕೆ ಬೆದರಿಕೆ ಪತ್ರ ಹೋಗುತ್ತಿದೆ, ಪತ್ರ ಬಂದವರು ಲಕೋಟೆ ಸಮೇತ ಬಂದು ತೋರಿಸಿದ್ದಾರೆ ಎಂದಿಟ್ಟುಕೊಳ್ಳಿ. ಆಮೇಲೂ ಗೊತ್ತಿಲ್ಲ ಎನ್ನುವ ಮಾತಿಗೆ ಬೆಲೆ ಎಲ್ಲಿದೆ? ಅಲ್ಲದೆ ಒಳಗೆ ನೋಡುವುದೇ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ತನ್ನ ಗ್ರಾಹಕರು ಕಡತ ಹಂಚಿಕೊಳ್ಳಲು ಬಳಸುವ ಬಿಟ್‌ಟೊರೆಂಟ್ ಸಂಪರ್ಕಗಳನ್ನು ಗುರುತಿಸಿ, ಎರಡೂ ಕಡೆಯ ಹೆಸರಿನಲ್ಲಿ ನಕಲಿ ರೀಸೆಟ್ ಪ್ಯಾಕೆಟ್ ತೂರಿಸಿ ಅವನ್ನು ಕಡಿಯುತ್ತಿದ್ದದ್ದು 2007ರಲ್ಲಿ ಬಯಲಾಯಿತು. ವೆರಿಜಾನ್ ತನ್ನ ಮೊಬೈಲ್ ಗ್ರಾಹಕರ ವೆಬ್ ಕೋರಿಕೆಗಳಿಗೆ ಅವರಿಗೇ ಕಾಣದ ಗುರುತು ಸಂಖ್ಯೆಯೊಂದನ್ನು ಅಂಟಿಸಿ ಜಾಹೀರಾತಿಗೆ ಬಳಸುತ್ತಿತ್ತು. ಅದಕ್ಕೆ 2016ರಲ್ಲಿ 13.5 ಲಕ್ಷ ಡಾಲರ್ ದಂಡ ಕಟ್ಟಿತು. ಸ್ವಂತ ಲಾಭಕ್ಕೆ ಕಣ್ಣು ತೆರೆಯುತ್ತದೆ, ಬೇರೆಯವರ ನೋವಿಗೆ ಮುಚ್ಚಿಕೊಳ್ಳುತ್ತದೆ. ಇಂಥ ಆಯ್ಕೆಗೆ ಕಾನೂನು ರಕ್ಷಣೆ ಕೊಡಬಾರದು.

ಮನಸ್ಸು ಮಾಡಿದರೆ ಈ ಕಂಪನಿಗಳಿಗೆ ಏನೆಲ್ಲ ಸಾಧ್ಯ ಎಂಬುದಕ್ಕೂ ಉದಾಹರಣೆಗಳಿವೆ. ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳಿಂದ ಸ್ಪ್ಯಾಮ್ ಹೋಗದಂತೆ ಎಷ್ಟೋ ಕಂಪನಿಗಳು ಇಮೇಲ್ ಹೊರಹೋಗುವ ಬಾಗಿಲಿನಂಥ 25ನೇ ಪೋರ್ಟನ್ನು ಮುಚ್ಚಿವೆ. ಗ್ರಾಹಕ ತನ್ನದಲ್ಲದ ವಿಳಾಸ ಹಾಕಿ ಪ್ಯಾಕೆಟ್ ಕಳಿಸಿದರೆ ಅಂಚಿನ ರೌಟರಿನಲ್ಲೇ ಬೀಳಿಸುವ ವಿಧಾನ 2000ದಿಂದಲೂ ಬರೆದಿಟ್ಟಿದೆ. ಅದನ್ನು ಅಳವಡಿಸದ ಜಾಲಗಳಿಂದಲೇ ಇಂದಿಗೂ ನಕಲಿ ವಿಳಾಸದ ದಾಳಿಗಳು ಹೊರಡುತ್ತವೆ, ಅಳವಡಿಸದಿದ್ದಕ್ಕೆ ಕೇಳುವವರಿಲ್ಲ. 2008ರ ನವೆಂಬರ್‌ನಲ್ಲಿ ಮೆಕೋಲೊ ಎಂಬ ಸರ್ವರ್ ಕಂಪನಿಗೆ ಸಂಪರ್ಕ ಕೊಡುತ್ತಿದ್ದ ಎರಡು ದೊಡ್ಡ ಜಾಲಗಳು ಅದನ್ನು ಕಡಿದುಹಾಕಿದವು. ಜಗತ್ತಿನ ಸ್ಪ್ಯಾಮ್ ಪ್ರಮಾಣ ತಕ್ಷಣ ಅರ್ಧಕ್ಕೂ ಹೆಚ್ಚು ಕುಸಿಯಿತು. ಪತ್ರಕರ್ತರೊಬ್ಬರು ಪುರಾವೆ ಮುಂದಿಟ್ಟದ್ದಷ್ಟೇ ಕಾರಣ. ಯಾವ ಕಾನೂನೂ ಅವರನ್ನು ಬಲವಂತ ಮಾಡಿರಲಿಲ್ಲ. ಬಲವಂತವಿಲ್ಲದ್ದರಿಂದಲೇ ಅಷ್ಟು ತಡವಾಯಿತು ಎಂಬುದು ನನ್ನ ಲೆಕ್ಕ.

ಹಕ್ಕುಸ್ವಾಮ್ಯದ ವಿಷಯಕ್ಕೆ ಬಂದರೆ ಕಾಕ್ಸ್ ಎಂಬ ಅಮೆರಿಕದ ಇಂಟರ್ನೆಟ್ ಕಂಪನಿಯ ಪ್ರಕರಣ ಕಣ್ಣು ತೆರೆಸುತ್ತದೆ. ಅಮೆರಿಕದ 1998ರ ಹಕ್ಕುಸ್ವಾಮ್ಯ ಕಾನೂನು ಸಾಗಣೆದಾರರಿಗೆ, ಅಂದರೆ ವಿಷಯವನ್ನು ಬರೀ ಸಾಗಿಸುವ ಕಂಪನಿಗಳಿಗೆ, ದೊಡ್ಡ ರಕ್ಷಣೆ ಕೊಡುತ್ತದೆ, ಆದರೆ ಒಂದು ಷರತ್ತು ಇಟ್ಟಿದೆ: ಮತ್ತೆ ಮತ್ತೆ ಉಲ್ಲಂಘಿಸುವ ಗ್ರಾಹಕನ ಖಾತೆ ಮುಚ್ಚುವ ನಿಯಮ ಇರಬೇಕು, ಅದನ್ನು ನಿಜವಾಗಿ ಪಾಲಿಸಬೇಕು. ಕಾಕ್ಸ್ 13 ಮೆಟ್ಟಿಲಿನ ವ್ಯವಸ್ಥೆ ಮಾಡಿಕೊಂಡಿತ್ತು. ಮೊದಲ ದೂರಿಗೆ ಏನೂ ಇಲ್ಲ, ಎರಡರಿಂದ ಏಳರವರೆಗೆ ಇಮೇಲ್ ಎಚ್ಚರಿಕೆ, ಆಮೇಲೆ ಪರದೆಯ ಮೇಲೆ ಎಚ್ಚರಿಕೆ ಪುಟ, ಆಮೇಲೆ ತಾತ್ಕಾಲಿಕ ಸ್ಥಗಿತ. ಹದಿಮೂರನೆಯದಕ್ಕೆ ಖಾತೆ ಮುಚ್ಚುವುದನ್ನು ಪರಿಶೀಲಿಸುವುದು. ಮುಚ್ಚುವುದಲ್ಲ, ಪರಿಶೀಲಿಸುವುದು. ಮುಚ್ಚಿದ ಖಾತೆಯನ್ನೂ ಕೆಲಕಾಲ ಕೂಡಲೇ ಮತ್ತೆ ತೆರೆದುಕೊಡುತ್ತಿದ್ದರು. ಸಂಗೀತ ಕಂಪನಿಗಳು ಹೂಡಿದ ದಾವೆಯಲ್ಲಿ ಇನ್ನೊಂದು ಲೆಕ್ಕ ಹೊರಬಿತ್ತು: 2013–14ರ ಅವಧಿಯಲ್ಲಿ ಹಕ್ಕುಸ್ವಾಮ್ಯ ಉಲ್ಲಂಘನೆಗಾಗಿ ಕಾಕ್ಸ್ ಖಾಯಂ ಆಗಿ ಕಡಿದ ಸಂಪರ್ಕಗಳು 32, ಬಿಲ್ ಕಟ್ಟಿಲ್ಲವೆಂದು ಕಡಿದದ್ದು 6 ಲಕ್ಷಕ್ಕೂ ಹೆಚ್ಚು. 2019ರಲ್ಲಿ ಜ್ಯೂರಿ ವಿಧಿಸಿದ 100 ಕೋಟಿ ಡಾಲರ್ ಪರಿಹಾರವನ್ನು 2024ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಪರಿಹಾರದ ಮೊತ್ತ ನನಗೆ ಮುಖ್ಯವಲ್ಲ. ಸಂಪರ್ಕ ಕಡಿಯುವುದು ಕಷ್ಟ, ಅನ್ಯಾಯ, ಅಸಾಧ್ಯ ಎಂದೆಲ್ಲ ಹೇಳುವವರಿಗೆ ಬಿಲ್ಲಿನ ವಿಷಯದಲ್ಲಿ ಅದು ದಿನನಿತ್ಯದ ಕೆಲಸವಾಗಿತ್ತು. ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಹೊಣೆ ಹೊರಿಸಿದರೆ ದಿನದ ಕೆಲಸ ಹೇಗಿರುತ್ತದೆ? ದೂರಿನ ಇಮೇಲ್ ಪೆಟ್ಟಿಗೆಯನ್ನು ಮನುಷ್ಯರು ನೋಡಬೇಕು, ಇದು ಮೊದಲ ಹೆಜ್ಜೆ. ಎಷ್ಟೋ ಕಡೆ ಅಲ್ಲಿಗೆ ಬಂದ ದೂರಿಗೆ ತಾನಾಗಿ ಒಂದು ಟಿಕೆಟ್ ಸಂಖ್ಯೆ ಸಿಗುತ್ತದೆ, ವಾರ ಕಳೆದರೆ ತಾನಾಗಿಯೇ ಮುಚ್ಚಿಹೋಗುತ್ತದೆ. ದೂರಿನಲ್ಲಿ ಐಪಿ ವಿಳಾಸ (ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಪೋರ್ಟ್ ಸಂಖ್ಯೆ, ಸೆಕೆಂಡಿನವರೆಗಿನ ಸಮಯ, ಆ ಸಮಯ ಯಾವ ವಲಯದ್ದು ಎಂಬ ನಮೂದು, ಯಾವ ವಿಷಯ, ಅದು ಯಾವ ಕಾನೂನಿನ ಉಲ್ಲಂಘನೆ, ದೂರುದಾರರು ಯಾರು, ಇವಿಷ್ಟೂ ಇರಬೇಕು. ಇಲ್ಲದಿದ್ದರೆ ಏನು ಕೊರತೆಯೆಂದು ಬರೆದು ವಾಪಸು ಕಳಿಸಬೇಕು. ಸರಿಯಾಗಿದ್ದರೆ ಸಂಪರ್ಕ ಹುಡುಕಿ ಗ್ರಾಹಕನಿಗೆ ದೂರಿನ ಪ್ರತಿ ಕಳಿಸಿ, ಉತ್ತರ ಕೊಡಲು ಕಾಲಾವಕಾಶ ಕೊಡಬೇಕು. ಉತ್ತರ ಬಂದರೆ ದೂರುದಾರರಿಗೆ ತಲುಪಿಸಿ ನೀವಿನ್ನು ಕೋರ್ಟಿಗೆ ಹೋಗಿ ಎಂದು ಪಕ್ಕಕ್ಕೆ ಸರಿಯಬಹುದು, ಅಲ್ಲಿಗೆ ಕಂಪನಿಯ ಹೊಣೆ ಮುಗಿಯಿತು. ಉತ್ತರವೂ ಇಲ್ಲ, ಕೃತ್ಯವೂ ನಿಂತಿಲ್ಲ ಎಂದಾಗ ಮಾತ್ರ ಸ್ಥಗಿತ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ, ಒಪ್ಪಿಗೆಯಿಲ್ಲದೆ ಹರಿಬಿಟ್ಟ ಖಾಸಗಿ ದೃಶ್ಯ, ಕೋರಿಕೆಗಳ ಪ್ರವಾಹ ಹರಿಸಿ ತಾಣವನ್ನು ಸ್ತಬ್ಧಗೊಳಿಸುವ, ಇನ್ನೂ ನಡೆಯುತ್ತಿರುವ ಸೇವಾನಿರಾಕರಣ ದಾಳಿ, ಈ ಮೂರಕ್ಕೆ ಮಾತ್ರ ಗಂಟೆಗಳ ಗಡುವು ಬೇಕು. ಭಾರತದ 2021ರ ನಿಯಮಗಳು ಖಾಸಗಿ ದೃಶ್ಯದ ದೂರಿಗೆ 24 ಗಂಟೆಯ ಗಡುವು ಇಟ್ಟವು. ಒಬ್ಬ ಹೆಣ್ಣುಮಗಳ ವಿಡಿಯೊ ಹರಿದಾಡುತ್ತಿರುವಾಗ ಕೋರ್ಟಿನ ಮುಂದಿನ ದಿನಾಂಕದವರೆಗೆ ಕಾಯಿರಿ ಎನ್ನಲು ಯಾರಿಗೂ ಬಾಯಿ ಬರಬಾರದು.

ಸುಳ್ಳು ದೂರುಗಳು ಬರುತ್ತವೆ, ನಿಜ. ಸುಳ್ಳು ದೂರು ಕೊಟ್ಟವರಿಗೂ ದಂಡ ಹಾಕಿ, ದೂರು ಕೊಡುವಾಗಲೇ ಠೇವಣಿ ಕೇಳಿ, ಮೂರು ಸಲ ಸುಳ್ಳಾದರೆ ಅವರ ದೂರು ತೆಗೆದುಕೊಳ್ಳಬೇಡಿ. ಪರಿಹಾರದ ಮೊತ್ತವೂ ದೂರು ಮುಟ್ಟಿದ ನಂತರದ ಹಾನಿಗೆ ಮಾತ್ರ ಸೀಮಿತವಾಗಿರಲಿ. ಕೆಲವೇ ಸಾವಿರ ಗ್ರಾಹಕರಿರುವ ಸಣ್ಣ ಜಾಲಗಳಿಗೆ ಸಡಿಲವಾದ ಗಡುವು ಕೊಡಿ. ಇವೆಲ್ಲ ನಿಯಮದ ಅಳತೆಯ ಪ್ರಶ್ನೆಗಳು, ಕೂತು ಬರೆದರೆ ಮುಗಿಯುತ್ತವೆ. ಅಳತೆ ಕಷ್ಟವೆಂದು ಹೊಣೆಯನ್ನೇ ಬಿಟ್ಟುಬಿಟ್ಟರೆ ಅದರ ಪೂರ್ತಿ ಬೆಲೆ ತೆರುವವರು ಫೋನು ಎತ್ತಲು ಹೆದರುವ ಆ ಸಿಯಾಟಲ್‌ನ ಮನುಷ್ಯನಂಥವರು.

ವಿರೋಧ: ತಂತಿ ಎಳೆದವರನ್ನು ನ್ಯಾಯಾಧೀಶರನ್ನಾಗಿ ಮಾಡಬೇಡಿ

2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬಿಟ್‌ಟೊರೆಂಟ್‌ನಲ್ಲಿ ಯಾರು ಯಾವ ಕಡತ ಹಂಚುತ್ತಿದ್ದಾರೆ ಎಂಬ ಪಟ್ಟಿ ಟ್ರ್ಯಾಕರ್ ಎಂಬ ಸರ್ವರಿನಲ್ಲಿರುತ್ತದೆ. ನನ್ನ ವಿಳಾಸ ಇಂಥದ್ದು ಎಂದು ಬಳಕೆದಾರನ ಸಾಫ್ಟ್‌ವೇರ್ ಹೇಳಿಕೊಂಡರೆ ಹಲವು ಟ್ರ್ಯಾಕರ್‌ಗಳು ಪರೀಕ್ಷಿಸದೆ ಬರೆದುಕೊಳ್ಳುತ್ತಿದ್ದವು. ಸಂಶೋಧಕರು ತಮ್ಮ ಕ್ಯಾಂಪಸ್ಸಿನ ಪ್ರಿಂಟರುಗಳ ವಿಳಾಸ ಕೊಟ್ಟರು. ಸ್ವಲ್ಪ ದಿನಕ್ಕೆ ಆ ಪ್ರಿಂಟರುಗಳ ಮೇಲೆ ಹಕ್ಕುಸ್ವಾಮ್ಯ ಉಲ್ಲಂಘನೆಯ ನೋಟಿಸುಗಳು ಬಂದವು! ಕಾಗದ ಮುದ್ರಿಸುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಯಂತ್ರ ಸಿನಿಮಾ ಕದ್ದಿದೆ ಎಂಬ ಆರೋಪ. ದೂರುದಾರರ ಏಜೆನ್ಸಿಗಳು ಟ್ರ್ಯಾಕರಿನ ಪಟ್ಟಿ ತೆಗೆದುಕೊಂಡು, ಆ ವಿಳಾಸದಿಂದ ಒಂದೇ ಒಂದು ಬೈಟ್ ಇಳಿಸಿ ನೋಡದೆ, ಯಂತ್ರದಿಂದ ನೋಟಿಸು ಹೊಡೆಯುತ್ತಿದ್ದವು. ಗೊತ್ತಾದ ಮೇಲೆ ಹೊಣೆ ಎಂಬ ವಾದದಲ್ಲಿರುವ ಗೊತ್ತಾಗುವಿಕೆ ಇಂಥದ್ದು. ನೋಟಿಸು ಬಂತು ಎಂದರೆ ಯಾರೋ ಆರೋಪ ಮಾಡಿದ್ದಾರೆ ಎಂದು ಗೊತ್ತಾಯಿತು, ಅಷ್ಟೇ. ಆರೋಪ ನಿಜವೇ ಎಂಬುದನ್ನು ತಿಳಿಯುವ ಸಾಧನ ಸಂಪರ್ಕ ಕೊಡುವವನ ಬಳಿ ಇಲ್ಲ.

ಏಕೆ ಇಲ್ಲ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮನೆಯ ರೌಟರಿನಿಂದ ಹೊರಟ ಮಾಹಿತಿ ಹೆಚ್ಚೆಂದರೆ 1,500 ಬೈಟ್‌ಗಳ ತುಣುಕುಗಳಾಗಿ ಕಂಪನಿಯ ಉಪಕರಣಕ್ಕೆ ಬರುತ್ತದೆ. ಇಂದು ವೆಬ್ ಸಂಚಾರದ ಬಹುಪಾಲು ಟಿಎಲ್‌ಎಸ್ ಎಂಬ ಗೂಢಲಿಪಿಯ ಬೀಗದೊಳಗೆ ಇರುತ್ತದೆ. ಕಂಪನಿಗೆ ಕಾಣುವುದು ಎಲ್ಲಿಂದ ಎಲ್ಲಿಗೆ, ಎಷ್ಟು ದೊಡ್ಡದು, ಯಾವಾಗ ಎಂಬುದು. ಸಂಪರ್ಕ ಶುರುವಾಗುವಾಗ ತಾಣದ ಹೆಸರು ಒಮ್ಮೆ ಬಯಲಲ್ಲಿ ಹೋಗುತ್ತದೆ, ಹೊಸ ವಿಧಾನಗಳಲ್ಲಿ ಅದೂ ಮುಚ್ಚಿಹೋಗುತ್ತಿದೆ. ಯಾವ ಪುಟ, ಯಾವ ಚಿತ್ರ, ಯಾವ ಸಂದೇಶ ಎಂಬುದು ಕಾಣುವುದಿಲ್ಲ. ಪರ ವಾದಿಗಳು ನೆನಪಿಸಿದ ಕಾಮ್‌ಕಾಸ್ಟ್ ಬಿಟ್‌ಟೊರೆಂಟ್ ಎಂಬ ಸಂಚಾರದ ಬಗೆಯನ್ನು ಗುರುತಿಸಿತ್ತು, ಅದರೊಳಗಿನ ಕಡತ ಕಾನೂನುಬದ್ಧವೇ ಅಲ್ಲವೇ ಎಂಬುದನ್ನಲ್ಲ. ಲಾರಿ ಹೋಗುತ್ತಿದೆ ಎಂದು ಕಂಡಿತು ಅಂದಮಾತ್ರಕ್ಕೆ ಸರಕಿನ ರಸೀತಿ ಓದಿದಂತಾಗುವುದಿಲ್ಲ. 25ನೇ ಪೋರ್ಟ್ ಮುಚ್ಚುವುದೂ ನಕಲಿ ವಿಳಾಸದ ಪ್ಯಾಕೆಟ್ ಬೀಳಿಸುವುದೂ ವಿಷಯ ಓದದೆ ಮಾಡುವ ಕೆಲಸ. ಅವನ್ನು ಕಡ್ಡಾಯ ಮಾಡಿ, ನನ್ನ ಸಂಪೂರ್ಣ ಬೆಂಬಲವಿದೆ. ಆದರೆ ಅದಕ್ಕೂ ಮಾನಹಾನಿಯೋ ಟೀಕೆಯೋ ಎಂದು ತೀರ್ಮಾನಿಸುವುದಕ್ಕೂ ಅಜಗಜಾಂತರ.

ಇನ್ನು ಯಾರು ಎಂಬ ಪ್ರಶ್ನೆ. ಐಪಿವಿ4 ಎಂಬ ಹಳೆಯ ಮಾದರಿಯ ಐಪಿ ವಿಳಾಸಗಳ ಬರದಿಂದ ಬಹಳಷ್ಟು ಕಂಪನಿಗಳು, ಮೊಬೈಲ್ ಜಾಲಗಳಂತೂ ಹೆಚ್ಚಾಗಿ, ಒಂದೇ ಸಾರ್ವಜನಿಕ ವಿಳಾಸವನ್ನು ಹಲವರಿಗೆ ಹಂಚುತ್ತವೆ. ಒಂದು ವಿಳಾಸಕ್ಕೆ 65,536 ಪೋರ್ಟುಗಳು. ಮೊದಲ 1,024 ಬಿಟ್ಟು, ಗ್ರಾಹಕನಿಗೆ ಸುಮಾರು 1,000ದಂತೆ ಹಂಚಿದರೆ ಒಂದೇ ವಿಳಾಸದ ಹಿಂದೆ 64 ಮನೆಗಳು. ದೂರಿನಲ್ಲಿ ಪೋರ್ಟ್ ಸಂಖ್ಯೆ ಇಲ್ಲದಿದ್ದರೆ ಆ ಅರವತ್ತನಾಲ್ಕರಲ್ಲಿ ಯಾರು ಎಂದು ಹೇಳಲಾಗದು. ಪೋರ್ಟ್ ಇದ್ದರೂ ಗಡಿಯಾರ ಸರಿಯಿರಬೇಕು. ದೂರುದಾರರ ಸರ್ವರ್ ವಿಶ್ವಮಾನ ಸಮಯದಲ್ಲಿ ಬರೆದಿದ್ದು, ಕಂಪನಿಯವರು ಅದನ್ನು ಸ್ಥಳೀಯ ಸಮಯವೆಂದು ಓದಿಕೊಂಡರೆ, ಅಷ್ಟು ಗಂಟೆಗಳ ಅಂತರದಲ್ಲಿ ಅದೇ ಪೋರ್ಟು ಇನ್ನೊಬ್ಬರಿಗೆ ಹೋಗಿರುತ್ತದೆ. ಎಲ್ಲ ಸರಿಯಿದ್ದು ಸಂಪರ್ಕ ಸಿಕ್ಕಿತು ಎನ್ನಿ, ಅದು ಒಂದು ಮನೆಯ ಬಿಲ್ಲು. ಆ ಮನೆಯಲ್ಲಿ ಐವರು, ವೈಫೈ ಪಾಸ್‌ವರ್ಡ್ ತಿಳಿದ ಪಕ್ಕದ ಮನೆಯವನೊಬ್ಬ, ವೈರಸ್ ಹೊಕ್ಕ ಒಂದು ಕ್ಯಾಮೆರಾ. ತಪ್ಪು ಇವರಲ್ಲಿ ಒಬ್ಬರದು, ಕತ್ತಲಾಗುವುದು ಎಲ್ಲರಿಗೂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಬಿಲ್ ಕಟ್ಟದ್ದಕ್ಕೆ 6 ಲಕ್ಷ ಸಂಪರ್ಕ ಕಡಿದವರಿಗೆ ಇದೇನು ಕಷ್ಟ ಎಂಬ ಮಾತು ಕೇಳಲು ಚೆನ್ನಾಗಿದೆ. ಬಿಲ್ ಬಾಕಿ ಎಂಬುದು ಕಂಪನಿಯ ಸ್ವಂತ ಲೆಕ್ಕಪುಸ್ತಕದಲ್ಲಿರುವ ಸಂಗತಿ, ಹಣ ಕಟ್ಟಿದ ಕ್ಷಣ ಸಂಪರ್ಕ ವಾಪಸು ಬರುತ್ತದೆ. ಆರೋಪದ ಮೇಲೆ ಕಡಿದರೆ ಹಾಗೆ ಕಟ್ಟಿ ಬಿಡಿಸಿಕೊಳ್ಳುವ ದಾರಿಯೇ ಇಲ್ಲ. ಆಸ್ಟ್ರೇಲಿಯಾದಲ್ಲಿ 34 ಚಿತ್ರ ಕಂಪನಿಗಳು ಐಐನೆಟ್ ಎಂಬ ಇಂಟರ್ನೆಟ್ ಕಂಪನಿಯ ಮೇಲೆ ಹೂಡಿದ ದಾವೆಯಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 2012ರಲ್ಲಿ ಇದನ್ನೇ ತೂಗಿ ನೋಡಿತು. ಕಂಪನಿಗಿರುವ ಒಂದೇ ಅಧಿಕಾರ ಒಪ್ಪಂದ ಮುರಿಯುವುದು, ಮುರಿದರೂ ಆ ಗ್ರಾಹಕ ಇನ್ನೊಂದು ಕಂಪನಿಗೆ ಹೋಗುತ್ತಾನೆ. ದೂರುಗಳಲ್ಲಿ ಪುರಾವೆ ಹೇಗೆ ಸಂಗ್ರಹಿಸಿದ್ದು ಎಂಬ ಮಾಹಿತಿಯೂ ಸಾಲದು. ಅಂಥ ದೂರಿನ ಮೇಲೆ ಕ್ರಮ ಕೈಗೊಳ್ಳಲಿಲ್ಲವೆಂದು ಐಐನೆಟ್ಟನ್ನು ಹೊಣೆಯಾಗಿಸಲು ನ್ಯಾಯಾಲಯ ಒಪ್ಪಲಿಲ್ಲ. ಫ್ರಾನ್ಸ್‌ನ ಸಂವಿಧಾನ ಮಂಡಳಿ 2009ರಲ್ಲೇ, ಇಂಟರ್ನೆಟ್ ಸಂಪರ್ಕ ಕಡಿಯುವುದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು, ಆಡಳಿತ ಮಂಡಳಿಯೊಂದು ತಾನೇ ಅದನ್ನು ಮಾಡಕೂಡದು, ನ್ಯಾಯಾಧೀಶರೇ ಆಗಬೇಕು ಎಂದಿತ್ತು. ಸರ್ಕಾರಿ ಮಂಡಳಿಗೇ ಇಲ್ಲದ ಅಧಿಕಾರವನ್ನು ಖಾಸಗಿ ಕಂಪನಿಯ ದೂರು ವಿಭಾಗದ ನೌಕರನಿಗೆ ಕೊಡಬೇಕೆ?

ಸಂಪರ್ಕ ಕಡಿಯುವ ಬದಲು ತಾಣವನ್ನು ತಡೆಯಿರಿ ಎನ್ನುವವರಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 2002ರಲ್ಲಿ ಅಂಥದ್ದೇ ಕಾನೂನು ಮಾಡಿತು. ಮಕ್ಕಳ ಅಶ್ಲೀಲ ಚಿತ್ರಗಳ ತಾಣಗಳನ್ನು ತಡೆಯದ ಇಂಟರ್ನೆಟ್ ಕಂಪನಿಗೆ ದಂಡ. ಉದ್ದೇಶದ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯ ಇರಲು ಸಾಧ್ಯವಿಲ್ಲ. ಆದರೆ ಒಂದು ಸರ್ವರಿನ ಒಂದೇ ವಿಳಾಸದಲ್ಲಿ ಸಾವಿರಾರು ತಾಣಗಳು ಬಾಡಿಗೆಗಿರುತ್ತವೆ. ಪುಟ ಪುಟವಾಗಿ ಸೋಸುವ ಉಪಕರಣವಿಲ್ಲದ ಕಂಪನಿಗಳು ವಿಳಾಸವನ್ನೇ ತಡೆದವು, ಇಲ್ಲವೇ ಹೆಸರನ್ನೇ ತಡೆದವು. 400ಕ್ಕಿಂತ ಕಡಿಮೆ ತಾಣಗಳನ್ನು ತಡೆಯಲು ಹೋಗಿ 11 ಲಕ್ಷಕ್ಕೂ ಹೆಚ್ಚು ನಿರಪರಾಧಿ ತಾಣಗಳು ಮುಚ್ಚಿಹೋದವು. 2004ರಲ್ಲಿ ಫೆಡರಲ್ ನ್ಯಾಯಾಲಯ ಆ ಕಾನೂನನ್ನೇ ಹೊಡೆದುಹಾಕಿತು. ಬ್ರಿಟನ್ನಿನಲ್ಲಿ 2008ರ ಡಿಸೆಂಬರ್‌ನಲ್ಲಿ ವಿಕಿಪೀಡಿಯದ ಒಂದು ಪುಟ, ಹಳೆಯ ಸಂಗೀತ ಆಲ್ಬಮ್ಮೊಂದರ ಹೊದಿಕೆ ಚಿತ್ರದ ಕಾರಣಕ್ಕೆ, ತಡೆಪಟ್ಟಿಗೆ ಸೇರಿತು. ಒಂದೇ ಪುಟ ತಡೆಯಬೇಕಾದರೆ ವಿಕಿಪೀಡಿಯಕ್ಕೆ ಹೋಗುವ ಎಲ್ಲ ಸಂಚಾರವನ್ನೂ ಮಧ್ಯೆ ಒಂದು ಪ್ರಾಕ್ಸಿ ಸರ್ವರಿನ ಮೂಲಕ ಹಾಯಿಸಬೇಕು. ಹಾಯಿಸಿದಾಗ ಲಕ್ಷಾಂತರ ಬ್ರಿಟಿಷ್ ಓದುಗರು ಬೆರಳೆಣಿಕೆಯ ವಿಳಾಸಗಳಿಂದ ಬರುತ್ತಿರುವಂತೆ ವಿಕಿಪೀಡಿಯಕ್ಕೆ ಕಂಡಿತು. ಅಲ್ಲಿ ಯಾರೋ ಒಬ್ಬ ಪುಟ ಕೆಡಿಸಿದನೆಂದು ಆ ವಿಳಾಸ ತಡೆದರೆ ದೇಶದ ಅರ್ಧ ಜನ ತಿದ್ದುಪಡಿ ಮಾಡಲಾಗದೆ ಹೊರಗುಳಿಯುವ ಸ್ಥಿತಿ. ನಾಲ್ಕೇ ದಿನಕ್ಕೆ ಪಟ್ಟಿಯಿಂದ ತೆಗೆದರು. ಇಟಲಿ 2024ರಲ್ಲಿ ಫುಟ್‌ಬಾಲ್ ಕಳ್ಳಪ್ರಸಾರ ತಡೆಯಲು ದೂರು ಬಂದ 30 ನಿಮಿಷದೊಳಗೆ ತಡೆಯುವ ವ್ಯವಸ್ಥೆ ತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗೂಗಲ್ ಡ್ರೈವ್ ಕಡತಗಳು ಇಳಿಯುವ ತಾಣದ ಹೆಸರೊಂದು ಆ ಪಟ್ಟಿಗೆ ಬಿದ್ದು, ಇಟಲಿಯ ಬಳಕೆದಾರರಿಗೆ ತಮ್ಮ ಕಡತಗಳೇ ಗಂಟೆಗಟ್ಟಲೆ ಸಿಗದಾದವು. ಅರ್ಧ ಗಂಟೆಯ ಗಡುವಿನಲ್ಲಿ ಪರಿಶೀಲನೆಗೆ ಜಾಗವೆಲ್ಲಿ? ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರೆ ಆಗುವುದು ಇದೇ.

ಇದಕ್ಕಿಂತ ದೊಡ್ಡ ಹಾನಿ ಕಣ್ಣಿಗೆ ಬೀಳುವುದಿಲ್ಲ. ಹೊಣೆ ಹೊರಿಸಿದ ಮೇಲೆ ಕಂಪನಿಯ ವಕೀಲರು ಹಾಕುವ ಲೆಕ್ಕ ಸರಳ. ದೂರು ಬಂದ ವಿಷಯವನ್ನು ಉಳಿಸಿಕೊಂಡು ತಪ್ಪಾದರೆ ಕೋಟಿ ದಂಡ, ತೆಗೆದುಹಾಕಿ ತಪ್ಪಾದರೆ ತಿಂಗಳ ಬಾಡಿಗೆ ಕೊಡುವ ಒಬ್ಬ ಗ್ರಾಹಕನ ಮುನಿಸು. ಯಾರಾದರೂ ತೆಗೆದೇ ತೆಗೆಯುತ್ತಾರೆ. 2007ರಲ್ಲಿ ಒಬ್ಬ ತಾಯಿ ಅಡುಗೆಮನೆಯಲ್ಲಿ ಕುಣಿಯುವ ತನ್ನ ಮಗುವಿನ 29 ಸೆಕೆಂಡಿನ ವಿಡಿಯೊ ಯೂಟ್ಯೂಬಿಗೆ ಹಾಕಿದರು. ಹಿನ್ನೆಲೆಯಲ್ಲಿ ರೇಡಿಯೊದಂತೆ ಒಂದು ಹಾಡು ಅಸ್ಪಷ್ಟವಾಗಿ ಕೇಳುತ್ತಿತ್ತು. ದೂರು ಬಂತು, ವಿಡಿಯೊ ಹೋಯಿತು. ನ್ಯಾಯೋಚಿತ ಬಳಕೆಯೇ ಎಂದು ಯೋಚಿಸದೆ ದೂರು ಕೊಡುವಂತಿಲ್ಲ ಎಂದು ಮೇಲ್ಮನವಿ ನ್ಯಾಯಾಲಯದಿಂದ ಹೇಳಿಸಿಕೊಳ್ಳಲು 2015 ಬರಬೇಕಾಯಿತು. ಎಂಟು ವರ್ಷ! ಸುಳ್ಳು ದೂರಿಗೆ ಶಿಕ್ಷೆ ಅಮೆರಿಕದ ಕಾನೂನಿನಲ್ಲಿ 1998ರಿಂದಲೂ ಇದೆ, ಆದರೆ ದೂರುದಾರ ಗೊತ್ತಿದ್ದೂ ಸುಳ್ಳು ಹೇಳಿದ ಎಂದು ಸಾಬೀತು ಮಾಡಬೇಕು. ಯಂತ್ರ ಕಳಿಸಿದ ನೋಟಿಸಿನಲ್ಲಿ ಗೊತ್ತಿದ್ದೂ ಎಂಬುದನ್ನು ಯಾರ ಮನಸ್ಸಿನಲ್ಲಿ ಹುಡುಕುವುದು? ನಿಯಮದ ಅಳತೆಯ ಪ್ರಶ್ನೆ ಎಂದು ಪರ ವಾದಿಗಳು ಹಗುರವಾಗಿ ದಾಟಿದ್ದು ಇದೇ ಗಂಟು.

ಸಿಯಾಟಲ್‌ನ ಆ ಮನುಷ್ಯನಿಗೆ ಆದದ್ದು ಘೋರ ಅನ್ಯಾಯ, ಅದನ್ನು ಓದಿ ನನಗೂ ಸಂಕಟವಾಗುತ್ತದೆ. ಆದರೆ ಅಲ್ಲಿ ಎಒಎಲ್ ಬರೀ ತಂತಿಯಾಗಿರಲಿಲ್ಲ. ಸಂದೇಶ ಫಲಕ ಅದರದ್ದು, ಜಾಹೀರಾತು ಕೂತದ್ದು ಅದರ ಸರ್ವರಿನಲ್ಲಿ, ಅಳಿಸುವ ಗುಂಡಿ ಅದರ ಕೈಯಲ್ಲಿ. ಮೆಕೋಲೊ ಕೂಡ ಸರ್ವರ್ ಇಟ್ಟುಕೊಂಡ ಕಂಪನಿ. ವಿಷಯ ಇಟ್ಟುಕೊಳ್ಳುವವರು ಬೇರೆ, ಸಾಗಿಸುವವರು ಬೇರೆ. ಯುರೋಪಿನ 2000ದ ನಿರ್ದೇಶನ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು. ರವಾನೆಯನ್ನು ತಾನು ಶುರುಮಾಡದ, ಯಾರಿಗೆ ಹೋಗಬೇಕೆಂದು ತಾನು ಆರಿಸದ, ಒಳಗಿನದನ್ನು ತಿದ್ದದ ಸಾಗಣೆದಾರ ಹೊಣೆಯಲ್ಲ, ಇಟ್ಟುಕೊಂಡವರಿಗೆ ಮಾತ್ರ ಗೊತ್ತಾದ ಮೇಲೆ ತೆಗೆಯುವ ಷರತ್ತು. 2022ರ ಡಿಜಿಟಲ್ ಸೇವೆಗಳ ಕಾಯ್ದೆ ಅಷ್ಟೆಲ್ಲ ಹೊಸ ಹೊರೆ ತಂದರೂ ಈ ಗೆರೆಯನ್ನು ಅಳಿಸಲಿಲ್ಲ. ಬೆಲ್ಜಿಯಂನಲ್ಲಿ ಸ್ಕಾರ್ಲೆಟ್ ಎಂಬ ಸಂಪರ್ಕ ಕಂಪನಿ ತನ್ನ ಎಲ್ಲ ಗ್ರಾಹಕರ ಸಂಚಾರವನ್ನೂ ಸ್ವಂತ ಖರ್ಚಿನಲ್ಲಿ, ಕಾಲಮಿತಿಯಿಲ್ಲದೆ ಸೋಸಬೇಕು ಎಂಬ ಆದೇಶ ಬಂದಾಗ, ಅಂಥ ಆದೇಶ ಕೊಡುವಂತಿಲ್ಲ ಎಂದು 2011ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ಕಂಪನಿಯ ಉದ್ಯಮ ಸ್ವಾತಂತ್ರ್ಯದ ಜೊತೆಗೆ ಗ್ರಾಹಕರ ಖಾಸಗಿ ಮಾಹಿತಿಯ ರಕ್ಷಣೆಯೂ ಅದಕ್ಕೆ ಕಾರಣ. ಭಾರತದ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, 2015ರ ಮಾರ್ಚ್ 24ರಂದು, ಇಟ್ಟುಕೊಂಡವರ ವಿಷಯದಲ್ಲೂ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮಧ್ಯವರ್ತಿ ಕಂಪನಿಗಳಿಗೆ ರಕ್ಷಣೆ ಕೊಡುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 79ರಲ್ಲಿ ಹೇಳಿರುವ ಗೊತ್ತಾಗುವಿಕೆ ಎಂದರೆ ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಅಧಿಸೂಚನೆ ಮುಟ್ಟುವುದು, ಯಾರೋ ಬರೆದ ಪತ್ರವಲ್ಲ. ಲಕ್ಷಗಟ್ಟಲೆ ಕೋರಿಕೆಗಳಲ್ಲಿ ಯಾವುದು ಸರಿ ಎಂದು ಮಧ್ಯವರ್ತಿಗಳು ತೀರ್ಮಾನಿಸುವುದು ಬಹಳ ಕಷ್ಟ ಎಂಬುದನ್ನು ಆ ಪೀಠ ಒಪ್ಪಿಕೊಂಡಿತು.

ಹಾಗಾದರೆ ಸಾಗಣೆದಾರನಿಗೆ ಯಾವ ಕರ್ತವ್ಯವೂ ಇಲ್ಲವೇ? ಇದೆ. ಅದರ ಒಳ್ಳೆಯ ಮಾದರಿ ಕೆನಡಾದಲ್ಲಿದೆ. 2015ರ ಜನವರಿಯಿಂದ ಅಲ್ಲಿ ಹಕ್ಕುಸ್ವಾಮ್ಯದ ದೂರು ಬಂದರೆ ಕಂಪನಿ ಅದನ್ನು ಗ್ರಾಹಕನಿಗೆ ತಲುಪಿಸಬೇಕು, ತಲುಪಿಸಿದೆ ಎಂದು ದೂರುದಾರರಿಗೆ ತಿಳಿಸಬೇಕು, ಯಾರ ಸಂಪರ್ಕ ಎಂಬ ದಾಖಲೆಯನ್ನು ಆರು ತಿಂಗಳು, ಮೊಕದ್ದಮೆ ಶುರುವಾದರೆ ಒಂದು ವರ್ಷ ಕಾಪಾಡಬೇಕು. ತಲುಪಿಸದಿದ್ದರೆ 5,000ದಿಂದ 10,000 ಕೆನಡಾ ಡಾಲರ್ ಪರಿಹಾರ ಕೊಡಬೇಕು. ಕಡಿಯಬೇಕಾಗಿಲ್ಲ, ಅಳಿಸಬೇಕಾಗಿಲ್ಲ, ತೀರ್ಪು ಹೇಳಬೇಕಾಗಿಲ್ಲ. ಗ್ರಾಹಕನ ಹೆಸರು ಬೇಕಾದರೆ ದೂರುದಾರರು ನ್ಯಾಯಾಲಯಕ್ಕೆ ಹೋಗಬೇಕು, ಹುಡುಕಿಕೊಡುವ ಸಮಂಜಸ ವೆಚ್ಚವನ್ನು ಕಂಪನಿ ಕೇಳಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಅದೇ ವರ್ಷ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ ತಾಣ ತಡೆಯುವ ಆದೇಶ ಪಾಲಿಸುವ ಖರ್ಚು ಆದೇಶ ಕೇಳಿದವರದ್ದು ಎಂದಿತು. ಖರ್ಚು ಕೈಯಿಂದ ಹೋಗುತ್ತದೆ ಎಂದಾಗ ದೂರು ಕೊಡುವವರು ಪ್ರಿಂಟರಿನ ಮೇಲೆ ದೂರು ಕೊಡುವ ಮುನ್ನ ಒಮ್ಮೆ ಯೋಚಿಸುತ್ತಾರೆ. ಮಕ್ಕಳ ಶೋಷಣೆ, ಖಾಸಗಿ ದೃಶ್ಯಗಳಂಥ ತುರ್ತು ವಿಷಯಗಳಿಗೆ ಹಗಲಿರುಳೂ ಸಿಗುವ ನ್ಯಾಯಾಧೀಶರನ್ನು ನೇಮಿಸಿ. ಅವರ ಆದೇಶ ಮೊದಲು ವಿಷಯ ಕೂತಿರುವ ಸರ್ವರಿಗೆ ಹೋಗಲಿ, ಅಲ್ಲಿ ಆಗದಿದ್ದರೆ ಮಾತ್ರ ಸಾಗಣೆದಾರನಿಗೆ ಬರಲಿ. ಆದೇಶ ಕೈಸೇರಿದ ಮೇಲೂ ಪಾಲಿಸದ ಕಂಪನಿಯ ಮೇಲೆ ಏನು ಶಿಕ್ಷೆ ಹಾಕಿದರೂ ನನ್ನ ಆಕ್ಷೇಪವಿಲ್ಲ.

ಕೆನಡಾದ ವ್ಯವಸ್ಥೆಯಲ್ಲೂ ಒಂದು ತೂತು ಉಳಿದಿತ್ತು. ಕೆಲವು ಏಜೆನ್ಸಿಗಳು ಕಂಪನಿಯ ಕೈಯಿಂದಲೇ ತಲುಪುವ ಆ ದೂರಿನ ಒಳಗೆ, ಇಷ್ಟು ಹಣ ಕಟ್ಟಿದರೆ ಮೊಕದ್ದಮೆ ಹೂಡುವುದಿಲ್ಲ ಎಂಬ ಬೇಡಿಕೆಯನ್ನೂ ಸೇರಿಸಿ ಕಳಿಸತೊಡಗಿದವು. ತಪ್ಪು ಮಾಡದವರೂ ಹೆದರಿ ಹಣ ಕಟ್ಟಿದರು. 2018ರ ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ತಿದ್ದಿ, ಹಣದ ಬೇಡಿಕೆ ಇರುವ ದೂರು ದೂರೇ ಅಲ್ಲ, ಅಂಥದ್ದನ್ನು ತಲುಪಿಸುವ ಕರ್ತವ್ಯ ಕಂಪನಿಗಿಲ್ಲ ಎಂದು ಬರೆಯಿತು.